ಜಾತ್ರೆಯೋ, ಸಂತೆಯೋ, ಮನೆ ಬಾಗಿಲೋ? ದನ ಮಾರುವವರ ಪ್ರಶ್ನೆಗಳು

ರಾಗಿ ಕೊಯ್ಲು ಮುಗಿಯುತ್ತಿದ್ದಂತೆ ನನಗೆ ಬರುವ ಪತ್ರಗಳ ಬಣ್ಣವೇ ಬದಲಾಗುತ್ತದೆ. ಮೇವು, ಉಣ್ಣೆ ಹುಳು, ಕೆಚ್ಚಲು ಬಾವು ಎಲ್ಲ ಹಿಂದೆ ಸರಿದು ಮಾರಾಟದ ಮಾತು ಮುಂದೆ ಬರುತ್ತದೆ. ಈ ಸಂಚಿಕೆಯನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಉದ್ದದ ಪತ್ರಗಳನ್ನು ಮೊಟಕುಗೊಳಿಸಿದ್ದೇನೆ. ದಲ್ಲಾಳಿಗಳನ್ನು ಬೈದ ಭಾಗಗಳು ಎಲ್ಲದರಲ್ಲೂ ಒಂದೇ ರೀತಿ ಇದ್ದುದರಿಂದ ತೆಗೆದಿದ್ದೇನೆ.

ಅಮ್ಮಾ, ಹಾಲುಹಲ್ಲಿನಲ್ಲಿ ತಂದು ಸಾಕಿದ ಹಳ್ಳಿಕಾರ್ ಹೋರಿಗಳ ಜೋಡಿ ನನ್ನ ಬಳಿ ಇದೆ. ಈಗ ಎರಡು ಹಲ್ಲಾಗಿವೆ (ಎರಡು ಕಾಯಂ ಹಲ್ಲು ಬಂದಿವೆ). ಪಕ್ಕದ ಊರಿನ ದಲ್ಲಾಳಿ ಮನೆಗೇ ಬಂದು 1 ಲಕ್ಷ 60 ಸಾವಿರಕ್ಕೆ ಕೇಳಿದ್ದಾನೆ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಕಟ್ಟಿದರೆ ಹೆಚ್ಚು ಬರುತ್ತದೆ ಎನ್ನುತ್ತಾರೆ ಅಪ್ಪ. ವಾಹನ, ಮೇವು, ಚಪ್ಪರ ಎಲ್ಲ ಲೆಕ್ಕ ಹಾಕಿದರೆ ಮನೆಯಲ್ಲೇ ಕೊಡುವುದು ವಾಸಿ ಎಂದು ನನ್ನ ಅನಿಸಿಕೆ. ಯಾರ ಮಾತು ಸರಿ?
— ಓದುಗರು, ಮಾಗಡಿ ತಾಲ್ಲೂಕು

ನಾನು ನಿಮ್ಮ ಅಪ್ಪನ ಕಡೆ. ಮನೆಗೆ ಬಂದ ದಲ್ಲಾಳಿ ನಿಮ್ಮ ಜೋಡಿಯನ್ನು ಉಳುಮೆಗೆ ಕೇಳುತ್ತಿಲ್ಲ. ಅವನೂ ಅದನ್ನು ಘಾಟಿಗೋ ಸಿದ್ಧಗಂಗೆಗೋ ಹೊಡೆದುಕೊಂಡು ಹೋಗಿ ಬಳ್ಳಾರಿ, ರಾಯಚೂರು, ದಾವಣಗೆರೆ, ಹಾವೇರಿ ಕಡೆಯಿಂದ ಬಂದ ರೈತರ ಎದುರು ಕಟ್ಟುತ್ತಾನೆ. ಅವರು ಮುಂಗಾರಿಗೆ ಮೊದಲೇ ಒಳ್ಳೆಯ ಜೋಡಿ ಹುಡುಕಿಕೊಂಡು ಇಷ್ಟು ದೂರ ಬರುವವರು. ಆ ರೈತರಿಗೂ ನಿಮ್ಮ ಕೊಟ್ಟಿಗೆಗೂ ನಡುವಿನ ದಾರಿಯ ಕೂಲಿಯನ್ನು ದಲ್ಲಾಳಿ ಮೊದಲೇ ಕಳೆದು 1 ಲಕ್ಷ 60 ಸಾವಿರ ಎಂದಿದ್ದಾನೆ. ಆ ಕೂಲಿ ನಿಮ್ಮ ವಾಹನ, ಮೇವಿನ ಖರ್ಚಿಗಿಂತ ಹೆಚ್ಚೋ ಕಡಿಮೆಯೋ ಎಂಬುದಷ್ಟೇ ಲೆಕ್ಕ. ಹೊಂದಿಕೆಯಾದ ಜೋಡಿಯಾದರೆ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ.

ಹೊಂದಿಕೆ ಎಂದೆನಲ್ಲ, ಅಲ್ಲಿ ಒಂದು ಷರತ್ತಿದೆ. ಎಲ್ಲ ಜೋಡಿಗೂ ಜಾತ್ರೆ ಹೇಳಿಸಿದ್ದಲ್ಲ. ಬೇರೆಯವರ ಹೋರಿ ನೋಡುವ ಕಣ್ಣಿನಿಂದ ನಿಮ್ಮದನ್ನು ಒಮ್ಮೆ ನೋಡಿ. ಎತ್ತರ ಸಮವೇ, ಕೊಂಬು ಒಂದೇ ಬಾಗೇ, ಬಣ್ಣ ಕೂಡುತ್ತದೆಯೇ, ಎರಡೂ ಜೊತೆಯಾಗಿ ಹಲ್ಲು ಹಾಕಿವೆಯೇ, ನಡೆಯುವಾಗ ಹೆಜ್ಜೆ ಸೇರುತ್ತದೆಯೇ? ಒಂದು ಚೆಂದ, ಇನ್ನೊಂದು ಸಾಧಾರಣ ಎಂದಾದರೆ ಜಾತ್ರೆಯಲ್ಲಿ ಸಾಧಾರಣದ ಬೆಲೆಯೇ ಚೆಂದದ್ದಕ್ಕೂ ಬೀಳುತ್ತದೆ. ಅಂಥ ಜೋಡಿಯನ್ನು ಬಿಡಿಬಿಡಿಯಾಗಿ, ಜೊತೆ ಕಳೆದುಕೊಂಡ ಒಂಟಿ ಹೋರಿ ಇರುವವರಿಗೆ ಮನೆಯಲ್ಲೇ ಕೊಡುವುದು ಲಾಭ. ಮೈಮೇಲಿನ ಕೂದಲಿನ ಸುಳಿಯನ್ನೂ ನೋಡಿಟ್ಟುಕೊಳ್ಳಿ. ನಾನು ಸುಳಿಶಾಸ್ತ್ರ ನಂಬುವವಳಲ್ಲ. ಆದರೆ ಕೊಳ್ಳುವವನು ನಂಬುತ್ತಾನೆ, ಹಣ ಇರುವುದು ಅವನ ಜೇಬಿನಲ್ಲಿ. ಕೆಟ್ಟದೆನ್ನುವ ಸುಳಿ ಇದ್ದರೆ ಅವನು ಬೆರಳು ತೋರಿಸಿ ಬೆಲೆ ಇಳಿಸುವ ಮೊದಲು ನೀವೇ ಹೇಳಿಬಿಡಿ.

ಇನ್ನು ಯಾವ ಜಾತ್ರೆ. ನಮ್ಮ ಕಡೆ ದನಗಳ ಜಾತ್ರೆಗಳು ಒಂದರ ಹಿಂದೆ ಒಂದು ಬರುತ್ತವೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ್ದು ಡಿಸೆಂಬರಿನಲ್ಲಿ. ಸಂಕ್ರಾಂತಿಯ ಆಸುಪಾಸಿನಲ್ಲಿ ಕೆ.ಆರ್. ನಗರದ ಕಡೆಯ ಚುಂಚನಕಟ್ಟೆ. ಆಮೇಲೆ ತಿ. ನರಸೀಪುರದ ಬಳಿಯ ಮುಡುಕುತೊರೆ, ಕೆ.ಆರ್. ಪೇಟೆಯ ಹೇಮಗಿರಿ. ಶಿವರಾತ್ರಿಗೆ ತುಮಕೂರಿನ ಸಿದ್ಧಗಂಗೆ. ನೀವು ಘಾಟಿಯಿಂದ ಆರಂಭಿಸಬೇಕು ಎನ್ನುವುದಕ್ಕೆ ಕಾರಣ ಇದೇ: ಅಲ್ಲಿ ಬೆಲೆ ಒಪ್ಪದಿದ್ದರೆ ಹೋರಿ ವಾಪಸು ತಂದು ಸಿದ್ಧಗಂಗೆಗೆ ಕಾಯಬಹುದು. ಶಿವರಾತ್ರಿಯ ಜಾತ್ರೆಯನ್ನೇ ನಂಬಿ ಕುಳಿತವನಿಗೆ ಮುಂದೆ ಬೇಸಿಗೆ, ಒಣಹುಲ್ಲಿನ ಖರ್ಚು. ಕೊಳ್ಳುವವನಿಗೆ ಅದು ಗೊತ್ತು, ಅದಕ್ಕೆ ತಕ್ಕಂತೆಯೇ ಕೇಳುತ್ತಾನೆ. ಜಾತ್ರೆಯೊಳಗೂ ಇದೇ ಕತೆ. ಮೊದಲ ದಿನಗಳಲ್ಲಿ ಮಾರುವವನ ಮೀಸೆ ಮೇಲಿರುತ್ತದೆ. ಕೊನೆಯ ದಿನ ಚಪ್ಪರ ಕೀಳುವಾಗ ಕೊಳ್ಳುವವನದು. ದೂರದೂರಿನವರು ಬಂದಿಳಿಯುವ ಹೊತ್ತಿಗೆ ನಿಮ್ಮ ಹೋರಿಗಳು ದಣಿವಾರಿಸಿಕೊಂಡು, ಮೈತೊಳೆದು ನಿಂತಿರಬೇಕು. ಇನ್ನೊಂದು ಎಚ್ಚರ: 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಹಲವು ಕಡೆ ದನದ ಸಂತೆ, ಜಾತ್ರೆಗಳಿಗೆ ತಡೆ ಬಿದ್ದಿತ್ತು. ವಾಹನಕ್ಕೆ ಮುಂಗಡ ಕೊಡುವ ಮೊದಲು ಈ ಸಲ ಜಾತ್ರೆ ಕೂಡುತ್ತದೆಯೇ ಎಂದು ಪಶುಪಾಲನಾ ಇಲಾಖೆಯ ಕಚೇರಿಯಲ್ಲಿ ಕೇಳಿಕೊಳ್ಳಿ.

ಟವಲಿನ ಕೆಳಗೆ ಬೆರಳು ಹಿಡಿದು, ಗುಟ್ಟಾಗಿ ಬೆಲೆ ತಿಳಿಸಿ ಮಾಡುವ ವ್ಯಾಪಾರದ ಬಗ್ಗೆಯೂ ಒಂದು ಮಾತು. ಮೊದಲ ಸಲ ಹೋಗುತ್ತಿದ್ದೀರಿ, ಆ ಕೈಭಾಷೆ ನಿಮಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಮಾವ ತೀರಿಕೊಂಡ ಮೇಲೆ ಹೋರಿ ಕಟ್ಟುವ ಕೆಲಸ ನನ್ನ ತಲೆಗೆ ಬಂತು. ಜಾತ್ರೆಯಲ್ಲಿ ಯಾವ ದಲ್ಲಾಳಿಯೂ ನನ್ನ ಕೈ ಮೇಲೆ ಟವಲು ಹಾಕಲಿಲ್ಲ. ಹೆಂಗಸಿನ ಬೆರಳು ಹಿಡಿದು ವ್ಯಾಪಾರ ಮಾಡುವುದು ಹೇಗೆ ಎಂಬ ಸಂಕೋಚ ಅವರಿಗೆ. "ಯಜಮಾನರನ್ನು ಕರೆಯಿರಿ" ಎಂದು ನಿಂತರು. ಕರೆಯಲು ಯಜಮಾನರು ದುಬೈಯಲ್ಲಿದ್ದರು. ನಾನು ಬೆಲೆಯನ್ನು ಬಾಯಿಬಿಟ್ಟೇ ಹೇಳಿದೆ. ಸುತ್ತ ನಿಂತವರೆಲ್ಲ ಕೇಳಿಸಿಕೊಂಡರು. ಸ್ವಲ್ಪ ಹೊತ್ತಿಗೆ ಹಗರಿಬೊಮ್ಮನಹಳ್ಳಿ ಕಡೆಯ ಮುದುಕರೊಬ್ಬರು ಯಾರ ಮಧ್ಯಸ್ಥಿಕೆಯೂ ಇಲ್ಲದೆ ನೇರವಾಗಿ ಬಂದು ಹಲ್ಲು ನೋಡಿದರು. ಗುಟ್ಟಿನ ವ್ಯಾಪಾರದಿಂದ ಅನುಕೂಲ ಆಗುವುದು ಇಬ್ಬರ ಮನಸ್ಸಿನ ಬೆಲೆಯೂ ಗೊತ್ತಿರುವ ನಡುವಿನವನಿಗೆ. ನಿಮಗೆ ದಲ್ಲಾಳಿ ಬೇಕೆನಿಸಿದರೆ ಇಟ್ಟುಕೊಳ್ಳಿ, ತಪ್ಪಿಲ್ಲ. ಅವನಿಗೆ ನಿಮ್ಮಿಂದ ಎಷ್ಟು, ಆ ಕಡೆಯಿಂದ ಎಷ್ಟು ಎಂಬುದನ್ನು ಹಗ್ಗ ಬಿಚ್ಚುವ ಮೊದಲೇ ತೀರ್ಮಾನಿಸಿ.

ಬೆಲೆ 2 ಲಕ್ಷ ದಾಟಿತೆನ್ನಿ. ಸಂತೋಷವೇ, ಆದರೆ ಅಷ್ಟೂ ನಗದು ಎಣಿಸಿಕೊಳ್ಳಬೇಡಿ. ಒಬ್ಬರಿಂದ ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಿಂದ ನಿಷೇಧಿಸಿದೆ. ದಂಡ ಬೀಳುವುದು ಪಡೆದವನಿಗೆ, ಕೊಟ್ಟವನಿಗಲ್ಲ. ನಮ್ಮದು ವ್ಯವಸಾಯ, ತೆರಿಗೆ ಇಲ್ಲ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಬ್ಯಾಂಕಿಗೆ ಹಾಕಿಸಿಕೊಳ್ಳಿ. ಹಣ ಖಾತೆಗೆ ಬಂದಿದೆ ಎಂದು ನಿಮ್ಮ ಮೊಬೈಲಿನಲ್ಲೇ ನೋಡಿದ ಮೇಲೆ ಹಗ್ಗ ಕೊಡಿ.

ಅಕ್ಕಾ, ಮೂರನೇ ಕರು ಹಾಕಿರುವ ಎಚ್‌ಎಫ್ (ಹೋಲ್ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು ನಮ್ಮದು. ಕರು ಹಾಕಿ ತಿಂಗಳಾಗಿದೆ. ಎರಡು ಹೊತ್ತು ಸೇರಿ 14 ಲೀಟರ್ ಕೊಡುತ್ತಿದೆ. ಮಗಳ ಕಾಲೇಜಿನ ಶುಲ್ಕಕ್ಕಾಗಿ ಮಾರಬೇಕಾಗಿದೆ. ಊರಿಗೆ ಬರುವ ವ್ಯಾಪಾರಿ 52 ಸಾವಿರ ಎನ್ನುತ್ತಾನೆ. ಸಂತೆಗೆ ಹೊಡೆದರೆ 70 ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಒಬ್ಬಳೇ ಸಂತೆಗೆ ಹೋಗಲು ಧೈರ್ಯ ಇಲ್ಲ.
— ಓದುಗರು, ಚನ್ನರಾಯಪಟ್ಟಣ ತಾಲ್ಲೂಕು

ಹೋಗಬೇಡಿ. ಧೈರ್ಯದ ಮಾತು ಹಾಗಿರಲಿ, ಕರೆಯುವ ಎಚ್‌ಎಫ್ ಹಸುವಿಗೆ ಸಂತೆ ಒಳ್ಳೆಯ ಜಾಗವಲ್ಲ. ವಾಹನದಲ್ಲಿ ಕುಲುಕಿ, ಬಿಸಿಲಿನಲ್ಲಿ ನಿಂತು, ಗುರುತಿಲ್ಲದ ದನಗಳ ನಡುವೆ ಬೆದರಿದ ಹಸು ಆ ಸಂಜೆ ತನ್ನ ಅರ್ಧ ಹಾಲನ್ನು ಮರೆತೇಬಿಡುತ್ತದೆ. ಮಾರಾಟವಾಗದೆ ವಾಪಸು ಬಂದರೆ ಕಾಲುಬಾಯಿ ರೋಗವನ್ನೋ ಇನ್ನೊಂದನ್ನೋ ಹೊತ್ತು ತಂದಿರಬಹುದು. ಎರಡು ಮೂರು ವಾರ ಉಳಿದವುಗಳಿಂದ ದೂರ ಕಟ್ಟಬೇಕಾಗುತ್ತದೆ. ಸಂತೆಯಲ್ಲಿ ಕೊಳ್ಳುವವನಿಗೂ ಆ ಹಸುವಿನ ಮೇಲೆ ನಂಬಿಕೆ ಇರುವುದಿಲ್ಲ. ಕೆಚ್ಚಲು ದೊಡ್ಡದಾಗಿ ಕಾಣಲೆಂದು ಹಿಂದಿನ ಹೊತ್ತಿನ ಹಾಲು ಕರೆಯದೆ ತರುವ ಪುಣ್ಯಾತ್ಮರು ಎಲ್ಲ ಸಂತೆಯಲ್ಲೂ ಇದ್ದಾರೆ. ಅವರ ಪಾಪಕ್ಕೆ ನಿಮ್ಮ ಹಸುವಿನ ಬೆಲೆ ಇಳಿಯುತ್ತದೆ. ಗೊಡ್ಡು ದನ, ಬಡಕಲು ಕರು, ತುರ್ತಾಗಿ ಕೈಬಿಡಬೇಕಾದ ರಾಸುಗಳಿಗೆ ಸಂತೆ ಸರಿ. ನಿಮ್ಮಲ್ಲಿರುವುದು ತೋರಿಸಿ ಮಾರಬಹುದಾದ ಹಸು.

ಮೂರನೇ ಕರು, ಕರು ಹಾಕಿ ಒಂದು ತಿಂಗಳು: ಹಸುವಿಗೆ ಒಳ್ಳೆಯ ಬೆಲೆ ಬರುವ ಹೊತ್ತು ಇದೇ. ಕಾಯಬೇಡಿ. ಹಾಲು ಏರಿ ಇಳಿಯಲಾರಂಭಿಸಿದ ಮೇಲೆ ಬೆಲೆಯೂ ಅದರ ಹಿಂದೆಯೇ ಇಳಿಯುತ್ತದೆ. ಆದರೆ ಆ ವ್ಯಾಪಾರಿಗೆ ಇವತ್ತೇ ಒಪ್ಪಿಕೊಳ್ಳುವ ಅಗತ್ಯವೂ ಇಲ್ಲ. ನಿಮ್ಮ ಹಾಲು ಸಂಘದ ಕಾರ್ಯದರ್ಶಿಗೆ, ಕೃತಕ ಗರ್ಭಧಾರಣೆಗೆ ಬರುವವರಿಗೆ, ಪಶು ಆಸ್ಪತ್ರೆಯ ಡಾಕ್ಟರಿಗೆ ಒಂದು ಮಾತು ಹೇಳಿ. ಹೋಬಳಿಯಲ್ಲಿ ಯಾರ ಮನೆಯ ಹಸು ಸತ್ತಿದೆ, ಯಾರಿಗೆ ಸಾಲ ಮಂಜೂರಾಗಿದೆ, ಯಾರು ಹೊಸದಾಗಿ ಕೊಟ್ಟಿಗೆ ಕಟ್ಟಿಸುತ್ತಿದ್ದಾರೆ ಎಂಬುದು ಅವರಿಗೆ ತಿಳಿದಷ್ಟು ಯಾವ ದಲ್ಲಾಳಿಗೂ ತಿಳಿದಿರುವುದಿಲ್ಲ. ಪಕ್ಕದ ಊರಿಗೇ ಮಾರಿದರೆ ಇನ್ನೊಂದು ಅನುಕೂಲ: ನೀರು, ಮೇವು ಎರಡೂ ಹೆಚ್ಚು ಬದಲಾಗುವುದಿಲ್ಲ, ಹಾಲು ಹೆಚ್ಚು ಇಳಿಯುವುದಿಲ್ಲ, ಜಗಳವೂ ಬರುವುದಿಲ್ಲ.

ಬಂದವರಿಗೆ ಸಂಜೆ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಹಾಲು ಕರೆದು ತೋರಿಸಿ. ಒಂದೇ ಹೊತ್ತು ತೋರಿಸಿದರೆ ಅನುಮಾನ ಉಳಿಯುತ್ತದೆ. ಅವರೇ ಕರೆದು ನೋಡಲಿ. ಬೇರೆಯವರ ಕೈಗೆ ಹಾಲು ಬಿಡುತ್ತದೆಯೇ ಎಂಬುದೂ ಅವರಿಗೆ ಗೊತ್ತಾಗಬೇಕು. ಡೇರಿ ಪುಸ್ತಕವನ್ನು ತೋರಿಸಬಹುದು, ಆದರೆ ಅದರಲ್ಲಿ ಇರುವುದು ನಿಮ್ಮ ಮನೆಯ ಒಟ್ಟು ಹಾಲು. ಇನ್ನೊಂದು ಹಸು ಕರೆಯುತ್ತಿದ್ದರೆ ಅದನ್ನು ಮೊದಲೇ ಹೇಳಿ. ಕಿವಿಯೋಲೆಯ (ಕಿವಿಗೆ ಹಾಕುವ ಗುರುತಿನ ಬಿಲ್ಲೆಯ) 12 ಅಂಕಿಯ ಸಂಖ್ಯೆ, ಕಾಲುಬಾಯಿ ಲಸಿಕೆ ಹಾಕಿಸಿದ ದಿನ, ಹಿಂದೆ ಕೆಚ್ಚಲು ಬಾವು ಬಂದಿದ್ದರೆ ಯಾವ ಮೊಲೆಗೆ ಎಂಬುದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ವಿಮೆ ಇದ್ದರೆ ಪಾಲಿಸಿಯನ್ನು ಹೊಸಬರ ಹೆಸರಿಗೆ ವರ್ಗಾಯಿಸುವ ಬಗ್ಗೆ ಕಂಪನಿಗೆ ತಿಳಿಸಿ. ಓಲೆ ಬಿದ್ದುಹೋಗಿದ್ದರೆ ಮಾರುವ ಮೊದಲೇ ಹಾಕಿಸಿ, ಓಲೆ ಇಲ್ಲದ ರಾಸಿಗೆ ವಿಮೆ ಹಣ ಸಿಗುವುದಿಲ್ಲ. ಕಾಗದ ಇಟ್ಟುಕೊಂಡು ಮಾತಾಡುವ ಹೆಂಗಸಿನ ಹತ್ತಿರ ಚೌಕಾಸಿ ಮಾಡುವವರು ಸ್ವಲ್ಪ ಮೆತ್ತಗಾಗುತ್ತಾರೆ. ಇದು ನಾನು ಕಂಡ ಮಾತು.

ಎಲ್ಲರೂ ಹೇಳುವ 70 ಸಾವಿರ ನಿಮಗೆ ಸಿಗದೆಯೂ ಹೋಗಬಹುದು. ಊರಿನವರು ಹೇಳುವ ಬೆಲೆಗೆ ಊರಿನವರು ಯಾರೂ ಕೊಳ್ಳುವುದಿಲ್ಲ. ಎರಡು ಮನೆಯವರು ಬಂದು ಕರೆದು ನೋಡಿ ಹೋದ ಮೇಲೆ ನಿಮಗೇ ಒಂದು ಅಂದಾಜು ಸಿಗುತ್ತದೆ. ಶುಲ್ಕ ಕಟ್ಟುವ ಕೊನೆಯ ದಿನ ಯಾವುದೆಂದು ಮಾತ್ರ ಯಾರಿಗೂ ಹೇಳಬೇಡಿ.

ನನ್ನ ಎತ್ತಿಗೆ ವಯಸ್ಸಾಗಿದೆ. ಅದರ ಜೊತೆಯದು ಹೋದ ವರ್ಷ ಸತ್ತಿತು. ಯಾರೂ ಕೇಳುವವರಿಲ್ಲ. ಏನು ಮಾಡಲಿ?
— ಓದುಗರು, ಗುಬ್ಬಿ

ಇದಕ್ಕೆ ಸಿಹಿಯಾದ ಉತ್ತರ ನನ್ನಲ್ಲಿಲ್ಲ. ಕರ್ನಾಟಕದಲ್ಲಿ 2020ರ ಗೋಹತ್ಯೆ ನಿಷೇಧ ಕಾಯ್ದೆ 2021ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ ಮುದಿ ಎತ್ತಿಗೆ ಮಾರುಕಟ್ಟೆಯೇ ಇಲ್ಲ. ವಯಸ್ಸಿನ ಮೇಲೆ ಕಾಯ್ದೆಯಲ್ಲಿ ವಿನಾಯಿತಿ ಇರುವುದು 13 ವರ್ಷ ದಾಟಿದ ಎಮ್ಮೆ, ಕೋಣಗಳಿಗಷ್ಟೇ, ಅದೂ ಪ್ರಮಾಣಪತ್ರ ಇದ್ದರೆ. ಕಡಿಯಲು ಹೋಗುತ್ತದೆ ಎಂದು ಗೊತ್ತಿದ್ದೂ ಮಾರಿದರೆ ಮಾರಿದವನಿಗೂ ಜೈಲು, ದಂಡ ಇದೆ. ಆದ್ದರಿಂದ ರಾತ್ರಿ ಬಂದು ಹೆಸರು ಹೇಳದೆ ನಗದು ಕೊಡುವವನಿಗೆ ಹಗ್ಗ ಕೊಡಬೇಡಿ. ಕಾಯ್ದೆ ಸರಿಯೋ ತಪ್ಪೋ ಎಂಬ ವಾದಕ್ಕೆ ಈ ಪುಟ ಸಾಲದು. ಅದರ ಮೇವಿನ ಖರ್ಚು ಮಾತ್ರ ಕಾಯ್ದೆ ಬರೆದವರ ಮನೆಗೆ ಹೋಗಲಿಲ್ಲ, ನಿಮ್ಮ ಮನೆಗೆ ಬಂತು.

ಎತ್ತಿನ ಕಾಲು ಗಟ್ಟಿ ಇದೆಯೇ? ಇದ್ದರೆ ಒಂಟೆತ್ತಿನ ಗಾಡಿ ಹೂಡುವವರನ್ನು, ಹೂವು ತರಕಾರಿ ಸಾಲಿನ ನಡುವೆ ಕುಂಟೆ ಹೊಡೆಯುವವರನ್ನು ವಿಚಾರಿಸಿ. ಅವರಿಗೆ ಸಾಧುವಾದ ಹಳೆಯ ಎತ್ತೇ ಬೇಕು. ಬೆಲೆ ಅಲ್ಪಸ್ವಲ್ಪ ಬರಬಹುದು. ಗೋಶಾಲೆಗೆ ಬಿಡುವುದಾದರೆ ಮೊದಲು ಫೋನ್ ಮಾಡಿ; ಜಾಗ ಇಲ್ಲ ಎನ್ನುವವರೂ, ಮೇವಿಗೆಂದು ಹಣ ಕೇಳುವವರೂ ಇದ್ದಾರೆ. ಉಳಿದ ಓದುಗರಿಗೆ: ಬಾಯಿಗೂಡಿದ (ಎಲ್ಲ ಕಾಯಂ ಹಲ್ಲೂ ಬಂದ) ಎತ್ತುಗಳನ್ನು ಇನ್ನೂ ನಾಲ್ಕಾರು ವರ್ಷ ದುಡಿಮೆ ಬಾಕಿ ಇರುವಾಗಲೇ ಬದಲಾಯಿಸಿ. ಮೊದಲು ಇದು ವ್ಯಾಪಾರದ ಜಾಣ್ಮೆಯಾಗಿತ್ತು, ಈಗ ಬೇರೆ ದಾರಿಯೇ ಇಲ್ಲ.

ನನ್ನ ಅಳಿಯ ಟೆಕ್ಸಾಸ್‌ನಲ್ಲಿದ್ದಾರೆ. ಅಲ್ಲಿನ ರ‍್ಯಾಂಚ್‌ಗಳಲ್ಲಿ ನೂರಾರು ದನ ಸಾಕಿ, ಕುಳಿತಲ್ಲೇ ವಿಡಿಯೊ ತೋರಿಸಿ ಮಾರುತ್ತಾರಂತೆ. ನಾವೇಕೆ ಇನ್ನೂ ಟವಲಿನ ಕೆಳಗೆ ಬೆರಳು ಎಣಿಸುತ್ತಿದ್ದೇವೆ?
— ಓದುಗರು, ಮೈಸೂರು

ನಿಮ್ಮ ಅಳಿಯ ಹೇಳಿದ್ದು ನಿಜ, ಅರ್ಧ. ನನ್ನ ತಂಗಿಯ ಮಗ ಒಕ್ಲಹೋಮಾದಲ್ಲಿ ಕೆಲಸದಲ್ಲಿದ್ದಾಗ ಅವನ ಮನೆಗೆ ಹೋಗಿದ್ದೆ. ಊರು ತೋರಿಸುತ್ತೇನೆ ಎಂದವನನ್ನು ನಾನು ಒಕ್ಲಹೋಮಾ ಸಿಟಿಯ ದನದ ಮಾರುಕಟ್ಟೆಗೆ ಎಳೆದುಕೊಂಡು ಹೋದೆ. ನೂರು ವರ್ಷ ದಾಟಿದ ಮಾರುಕಟ್ಟೆ ಅದು. ಮೇಯಿಸಿ ಕೊಬ್ಬಿಸಲು ಕೊಳ್ಳುವ ಎಳೆಯ ದನಗಳ ವ್ಯಾಪಾರದಲ್ಲಿ ಪ್ರಪಂಚದಲ್ಲೇ ದೊಡ್ಡದೆಂದು ಹೆಸರು. ನಡುವೆ ಕಟಕಟೆಯಂಥ ಒಂದು ಕಣ, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಕುರ್ಚಿಗಳು. ಒಂದು ಬಾಗಿಲಿನಿಂದ ಕರುಗಳ ಗುಂಪು ಒಳಬರುತ್ತದೆ, ತೂಕ ಹಲಗೆಯ ಮೇಲೆ ಮೂಡುತ್ತದೆ, ಹರಾಜುಗಾರ ಉಸಿರು ಬಿಡದೆ ಹಾಡಿದಂತೆ ಬೆಲೆ ಕೂಗುತ್ತಾನೆ. ಕೊಳ್ಳುವವರು ಟೋಪಿಯ ಅಂಚನ್ನು ಕೊಂಚ ಅಲುಗಾಡಿಸುತ್ತಾರೆ, ಅಷ್ಟೇ. ನಿಮಿಷದೊಳಗೆ ಇನ್ನೊಂದು ಬಾಗಿಲಿನಿಂದ ಗುಂಪು ಹೊರಗೆ. ಮಾರಲು ತಂದ ರೈತ ಮೂಲೆಯಲ್ಲಿ ಕುಳಿತಿರುತ್ತಾನೆ. ಬೆಲೆ ಒಪ್ಪದಿದ್ದರೆ ಬೇಡ ಎಂದು ವಾಪಸು ಒಯ್ಯುವ ಹಕ್ಕು ಅವನಿಗಿದೆ. ಆದರೆ ಬಂದ ಖರ್ಚು ಅವನದೇ. ನಮ್ಮ ಜಾತ್ರೆಯ ಕೊನೆಯ ದಿನದ ಮುಖವನ್ನು ನಾನು ಅಲ್ಲಿಯೂ ಕಂಡೆ.

ಅಲ್ಲಿ ಮಾರುವುದು ತೂಕದ ಮೇಲೆ, ನೂರು ಪೌಂಡಿಗೆ ಇಷ್ಟು ಡಾಲರ್ ಎಂದು. ನೂರು ಪೌಂಡ್ ಎಂದರೆ ಸುಮಾರು 45 ಕಿಲೊ. ಇದರಲ್ಲೊಂದು ವಿಚಿತ್ರವಿದೆ: ಕರು ಭಾರವಾದಷ್ಟೂ ಪೌಂಡಿನ ಬೆಲೆ ಸಾಮಾನ್ಯವಾಗಿ ಇಳಿಯುತ್ತದೆ. ಹಾಗಾಗಿ ಇನ್ನೊಂದು ತಿಂಗಳು ಮೇಯಿಸಿ ಮಾರುವುದು ಲಾಭವೋ ನಷ್ಟವೋ ಎಂದು ಅಲ್ಲಿನವರು ಪೆನ್ಸಿಲು ಹಿಡಿದು ಲೆಕ್ಕ ಹಾಕುತ್ತಾರೆ. ಸಾಗಿಸುವಾಗ, ನಿಲ್ಲಿಸುವಾಗ ಕರುವಿನ ತೂಕ ಕರಗುವುದು ಇನ್ನೊಂದು ತಲೆನೋವು. ವಿಡಿಯೊ ಹರಾಜು ಶುರುವಾದದ್ದರ ಹಿಂದೆ ಈ ತಲೆನೋವೂ ಇದೆ. ಸುಪೀರಿಯರ್ ಎಂಬ ಕಂಪನಿ 1987ರಿಂದ ಉಪಗ್ರಹದ ಮೂಲಕ ಇದನ್ನು ನಡೆಸುತ್ತಾ ಬಂದಿದೆ. ಕರುಗಳು ಹುಲ್ಲುಗಾವಲಿನಲ್ಲೇ ಮೇಯುತ್ತಿರುತ್ತವೆ, ವಿಡಿಯೊ ನೋಡಿದವರು ದೇಶದ ಯಾವ ಮೂಲೆಯಿಂದಾದರೂ ಕೂಗುತ್ತಾರೆ. ಒಪ್ಪಂದ ಇವತ್ತು, ಕರು ಒಪ್ಪಿಸುವುದು ವಾರಗಳೋ ತಿಂಗಳುಗಳೋ ಕಳೆದು. ಆ ದಿನ ಹೇಳಿದ್ದಕ್ಕಿಂತ ತೂಕ ಹೆಚ್ಚಿದ್ದರೆ ಬೆಲೆ ಎಷ್ಟು ಇಳಿಯಬೇಕೆಂಬುದೂ ಕರಾರಿನಲ್ಲೇ ಇರುತ್ತದೆ.

ಹಾಗಿದ್ದರೆ ಎಲ್ಲರೂ ವಿಡಿಯೊದಲ್ಲೇ ಮಾರಬಹುದಲ್ಲ? ಆಗುವುದಿಲ್ಲ. ಅಲ್ಲಿ ಮಾರುವ ಅಳತೆ ಒಂದು ಲಾರಿ ಲೋಡು, ಸುಮಾರು 50 ಸಾವಿರ ಪೌಂಡ್. ಅಂದರೆ 22 ಟನ್ನಿಗೂ ಹೆಚ್ಚು. ಅಷ್ಟೂ ಕರುಗಳು ಒಂದೇ ಬಗೆಯವು, ಹತ್ತಿರ ಹತ್ತಿರ ಒಂದೇ ತೂಕದವು ಆಗಿರಬೇಕು. ಮೂವತ್ತು ನಲವತ್ತು ಹಸು ಇಟ್ಟುಕೊಂಡ ಸಣ್ಣ ರೈತ, ಹೆಚ್ಚುಕಡಿಮೆ ಗಾತ್ರದ ಹತ್ತಿಪ್ಪತ್ತು ಕರು ಹಿಡಿದುಕೊಂಡು ಹತ್ತಿರದ ಊರಿನ ವಾರದ ಹರಾಜಿಗೇ ಹೋಗುತ್ತಾನೆ. ಇನ್ನು ಕೆಲವರು ಕರು ಕೊಬ್ಬಿಸುವ ದೊಡ್ಡ ದೊಡ್ಡಿಯವರನ್ನು ಮನೆಗೇ ಕರೆಸಿ ಬೆಲೆ ಕುದುರಿಸುತ್ತಾರೆ. ಅಂದರೆ ಜಾತ್ರೆ, ಸಂತೆ, ಮನೆ ಬಾಗಿಲು ಎಂಬ ಮೂರು ದಾರಿಗಳೇ ಅಲ್ಲಿಯೂ ಇರುವುದು, ಟೋಪಿ ಬೇರೆ.

ನನಗೆ ಹೊಟ್ಟೆಕಿಚ್ಚಾದದ್ದು ವಿಡಿಯೊ ನೋಡಿ ಅಲ್ಲ. ಅವರಲ್ಲಿ 1921ರ ಒಂದು ಕಾನೂನಿದೆ. ದನ ಕೊಂಡ ವ್ಯಾಪಾರಿ, ಬೇರೆ ಲಿಖಿತ ಕರಾರು ಇಲ್ಲದಿದ್ದರೆ, ಮರುದಿನದ ವಹಿವಾಟು ಮುಗಿಯುವುದರೊಳಗೆ ಹಣ ಪಾವತಿಸಬೇಕು. ಆಲೂಗಡ್ಡೆ ಬಂದಮೇಲೆ ಕೊಡುತ್ತೇನೆ, ಉಗಾದಿಗೆ ಕೊಡುತ್ತೇನೆ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ಅಮೆರಿಕದಿಂದ ಒಂದನ್ನು ತರುವುದಾದರೆ ನಾನು ಅದನ್ನು ತರುತ್ತೇನೆ.

ಅಂದಹಾಗೆ, ರ‍್ಯಾಂಚ್ ನೋಡಲು ಟೆಕ್ಸಾಸಿಗೇ ಹೋಗಬೇಕೆಂದಿಲ್ಲ. ಮೈಸೂರು ಅರಸರ ಕಾಲದ, ಅಮೃತಮಹಲ್ ತಳಿಯ ದನಗಳ ಕಾವಲುಗಳು ಹುಲ್ಲುಗಾವಲಿನಲ್ಲಿ ಮಂದೆ ಮೇಯಿಸುವ ಅಂಥದ್ದೇ ವ್ಯವಸ್ಥೆ. ಅಜ್ಜಂಪುರದ ಸರ್ಕಾರಿ ತಳಿ ಸಂವರ್ಧನಾ ಕೇಂದ್ರದ ಹೋರಿಕರುಗಳನ್ನು ಇಂದಿಗೂ ಬಹಿರಂಗ ಹರಾಜಿನಲ್ಲೇ ಮಾರುತ್ತಾರೆ. ಅಲ್ಲಿ ಟವಲು ಇಲ್ಲ, ಬೆಲೆಯನ್ನು ಎಲ್ಲರ ಮುಂದೆ ಕೂಗುತ್ತಾರೆ. ಒಮ್ಮೆ ಹೋಗಿ ನೋಡಿ ಬನ್ನಿ.

ಹಸುವಿನ ಚಿತ್ರವನ್ನು ಮೊಬೈಲ್ ಗುಂಪಿನಲ್ಲಿ ಹಾಕಿದ್ದೆ. ಸೈನ್ಯದ ಅಧಿಕಾರಿ ಎಂದು ಒಬ್ಬರು ಚೌಕಾಸಿ ಇಲ್ಲದೆ ಒಪ್ಪಿದರು. ಮುಂಗಡ ಕಳುಹಿಸಲು ಕ್ಯೂಆರ್ ಕೋಡ್ ಕಳುಹಿಸಿದ್ದಾರೆ, ಸ್ಕ್ಯಾನ್ ಮಾಡಿ ಪಿನ್ ಹಾಕಿ ಎನ್ನುತ್ತಿದ್ದಾರೆ. ನಂಬಬಹುದೇ?
— ಓದುಗರು, ಹಿರಿಯೂರು

ನಂಬಬೇಡಿ. ಹಣ ಪಡೆಯಲು ಪಿನ್ ಬೇಡ. ಪಿನ್ ಒತ್ತಿದರೆ ಹಣ ಹೋಗುವುದು ನಿಮ್ಮ ಖಾತೆಯಿಂದ. ಹಲ್ಲು ನೋಡದೆ, ಕೆಚ್ಚಲು ಮುಟ್ಟದೆ, ಒಂದು ರೂಪಾಯಿಯೂ ಕಡಿಮೆ ಕೇಳದೆ ಹಸು ಕೊಳ್ಳುವ ಮನುಷ್ಯ ಸೈನ್ಯದಲ್ಲೂ ಇಲ್ಲ. ಈಗಾಗಲೇ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊಬೈಲಿನಲ್ಲಿ ಚಿತ್ರ ಹಾಕುವುದು ತಪ್ಪಲ್ಲ, ಗಿರಾಕಿ ಹುಡುಕಲು ಒಳ್ಳೆಯ ದಾರಿ. ಪಕ್ಕದಲ್ಲಿ ಮನುಷ್ಯರೊಬ್ಬರು ನಿಂತಿರುವ ಚಿತ್ರ ಹಾಕಿ, ಹಸುವಿನ ಎತ್ತರ ತಿಳಿಯುತ್ತದೆ. ವ್ಯಾಪಾರ ಮಾತ್ರ ಕೊಟ್ಟಿಗೆಯಲ್ಲೇ ಮುಗಿಯಲಿ.

ಜಾತ್ರೆಗೆ ನಮ್ಮ ಊರಿನ ಐದು ಮನೆಯವರು ಸೇರಿ ಒಂದೇ ಲಾರಿಯಲ್ಲಿ ಹತ್ತು ಹೋರಿ ಸಾಗಿಸಬಹುದೇ? ಖರ್ಚು ಉಳಿಯುತ್ತದೆ.
— ಓದುಗರು, ಕುಣಿಗಲ್

ಆಗದು. ಪ್ರಾಣಿ ಸಾಗಣೆಯ 1978ರ ಕೇಂದ್ರ ನಿಯಮಗಳ ಪ್ರಕಾರ ಲಾರಿಯೊಂದರಲ್ಲಿ ಆರಕ್ಕಿಂತ ಹೆಚ್ಚು ದನ ಹೇರುವಂತಿಲ್ಲ. ಪ್ರಯಾಣಕ್ಕೆ ಯೋಗ್ಯವಾಗಿವೆ ಎಂಬ ಪಶುವೈದ್ಯರ ಪ್ರಮಾಣಪತ್ರವೂ ಜೊತೆಯಲ್ಲಿರಬೇಕು. ಎರಡು ವಾಹನ ಮಾಡಿ, ನೋಡಿಕೊಳ್ಳಲು ಪ್ರತಿ ವಾಹನದಲ್ಲೂ ಒಬ್ಬರು ಇರಲಿ. ಕಿವಿಯೋಲೆ ಸಂಖ್ಯೆ, ಮಾಲೀಕರ ಆಧಾರ್ ಪ್ರತಿ, ಯಾವ ಜಾತ್ರೆಗೆ ಹೋಗುತ್ತಿದ್ದೀರಿ ಎಂಬ ವಿವರ ಕೈಯಲ್ಲಿರಲಿ. ದಾರಿಯಲ್ಲಿ ತಡೆಯುವವರೆಲ್ಲ ಪೊಲೀಸರೇ ಆಗಿರುವುದಿಲ್ಲ. ಅಂಥವರೊಡನೆ ವಾದಕ್ಕೆ ಇಳಿಯದೆ ಠಾಣೆಗೆ ಹೋಗೋಣ ಎನ್ನಿ. ರಾತ್ರಿ ಪ್ರಯಾಣ ಬೇಡ. ಮಾರಿದ ಮೇಲೆ ಕೊಂಡವರಿಗೂ ಒಂದು ಚೀಟಿ ಬರೆದುಕೊಡಿ, ದೂರ ಹೋಗಬೇಕಾದವರು ಅವರು.

ತಿಂಗಳ ಹಿಂದೆ ಅರಸೀಕೆರೆ ಕಡೆಯವರಿಗೆ ಹಸು ಮಾರಿದೆವು. ನಮ್ಮಲ್ಲಿ 11 ಲೀಟರ್ ಕೊಡುತ್ತಿದ್ದದ್ದು ಅಲ್ಲಿ 7 ಕೊಡುತ್ತಿದೆಯಂತೆ. ಮೋಸ ಮಾಡಿದಿರಿ, 10 ಸಾವಿರ ವಾಪಸು ಕೊಡಿ ಎಂದು ದಿನವೂ ಫೋನ್. ನಾವು ಸುಳ್ಳು ಹೇಳಿಲ್ಲ. ಕೊಡಬೇಕೇ?
— ಓದುಗರು, ಹಾಸನ

ಕೊಡುವ ಮಾತು ಆಮೇಲೆ. ಮೊದಲು ಬಸ್ ಹತ್ತಿ ಹೋಗಿ ಹಸು ನೋಡಿ ಬನ್ನಿ. ಜಾಗ ಬದಲಾದ ಹಸು ಹಾಲು ಇಳಿಸುವುದು ಸಹಜ. ಆದರೆ ಒಂದೆರಡು ವಾರದಲ್ಲಿ ಚೇತರಿಸಿಕೊಳ್ಳಬೇಕಿತ್ತು. ತಿಂಗಳಾದರೂ ಏರಿಲ್ಲ ಎಂದರೆ ಏನೋ ಇದೆ. ನೀವು ಯಾವ ಪಶು ಆಹಾರ, ದಿನಕ್ಕೆ ಎಷ್ಟು ಹಾಕುತ್ತಿದ್ದಿರಿ, ಅವರು ಎಷ್ಟು ಹಾಕುತ್ತಿದ್ದಾರೆ ಎಂದು ಕೇಳಿ. ನಮ್ಮಲ್ಲಿ ಕೊಂಡವರು ಹಸುವಿನ ಬೆಲೆ ಕೊಟ್ಟು ಕೈ ಖಾಲಿಯಾದ ಮೇಲೆ ಹಿಂಡಿಯಲ್ಲೇ ಉಳಿತಾಯ ಶುರು ಮಾಡುತ್ತಾರೆ. ಕುಡಿಯುವ ನೀರು ದಿನಪೂರ್ತಿ ಮುಂದೆ ಇರುತ್ತದೆಯೇ, ಕರೆಯುವವರು ದಿನವೂ ಒಬ್ಬರೇ, ಒಂದೇ ಹೊತ್ತಿಗೆ ಕರೆಯುತ್ತಾರೆಯೇ ನೋಡಿ. ನಾಲ್ಕೂ ಮೊಲೆಗಳ ಹಾಲನ್ನು ಬೇರೆ ಬೇರೆಯಾಗಿ ಕರೆದು ಪರೀಕ್ಷಿಸಿ. ಒಂದರಲ್ಲಿ ಹೆಪ್ಪು, ನೀರು ಕಂಡರೆ ಕೆಚ್ಚಲು ಬಾವು, ಅಲ್ಲಿನ ಡಾಕ್ಟರನ್ನು ಕರೆಸಿ.

ಬಾವು ನಿಮ್ಮ ಮನೆಯಲ್ಲೇ ಶುರುವಾಗಿದ್ದರೆ ಚಿಕಿತ್ಸೆಯ ಖರ್ಚು ನೀವು ಕೊಡುವುದು ನ್ಯಾಯ. ಅಲ್ಲಿಗೆ ಹೋದ ಮೇಲೆ ಬಂದದ್ದಾದರೆ, ಅಥವಾ ಮೇವಿನ ಕೊರತೆಯಾದರೆ, ಹಣ ವಾಪಸು ಕೊಡುವ ಅಗತ್ಯವಿಲ್ಲ. ಹೋಗುವಾಗ ನೀವು ಹಾಕುತ್ತಿದ್ದ ಆಹಾರದ್ದೇ ಒಂದು ಮೂಟೆ ತೆಗೆದುಕೊಂಡು ಹೋಗಿ. ಹತ್ತು ದಿನ ಅದನ್ನೇ, ನೀವು ಹೇಳಿದ ಪ್ರಮಾಣದಲ್ಲೇ ಹಾಕಿ, ಹೊತ್ತು ಹೊತ್ತಿಗೆ ಅಳೆದು ಬರೆದಿಡಲು ಹೇಳಿ. ಆ ಬರಹ ನೋಡಿದ ಮೇಲೆ ಇಬ್ಬರೂ ಕೂತು ಮಾತಾಡಿ. ಏರದಿದ್ದರೆ ಅದೇ ಚೀಟಿಯನ್ನು ನನಗೆ ಕಳುಹಿಸಿ.